ಬ್ರಾಕೆಟ್ ತುಂಬುವ ಮುನ್ನ ಪೊಸೆಷನ್ ಎಣಿಸಿ

ಮಾರ್ಚ್ ಮಧ್ಯದ ಒಂದು ಭಾನುವಾರ ಸಂಜೆ ಅಮೆರಿಕದ ಎನ್‌ಸಿಎಎ ಪುರುಷರ ಕಾಲೇಜು ಬ್ಯಾಸ್ಕೆಟ್‌ಬಾಲ್ ಟೂರ್ನಿಯ 68 ತಂಡಗಳ ಪಟ್ಟಿ ಹೊರಬೀಳುತ್ತದೆ. ಗುರುವಾರ ಮಧ್ಯಾಹ್ನ ಮೊದಲ ಸುತ್ತು ಶುರುವಾಗುವಷ್ಟರಲ್ಲಿ ಬ್ರಾಕೆಟ್ (ಪ್ರತಿ ಪಂದ್ಯವನ್ನೂ ಯಾರು ಗೆಲ್ಲುತ್ತಾರೆ ಎಂದು ಊಹಿಸಿ ಬರೆಯುವ ಪಟ್ಟಿ) ತುಂಬಿ ಕೊಟ್ಟಿರಬೇಕು. ಮಂಗಳವಾರ, ಬುಧವಾರದ ನಾಲ್ಕು ಅರ್ಹತಾ ಪಂದ್ಯಗಳನ್ನು ಬಿಟ್ಟರೆ ಉಳಿಯುವುದು 63 ಪಂದ್ಯ. ನಾಣ್ಯ ಚಿಮ್ಮಿ ಆರಿಸುತ್ತಾ ಹೋದರೆ ಅಷ್ಟೂ ಸರಿಬರುವ ಸಾಧ್ಯತೆ 9ರ ಮುಂದೆ 18 ಸೊನ್ನೆ ಇಟ್ಟಷ್ಟರಲ್ಲಿ ಒಂದು. ಹಾಗಾಗಿ ತಪ್ಪೇ ಇಲ್ಲದ ಬ್ರಾಕೆಟ್‌ನ ಆಸೆ ಬಿಡಿ. ಪ್ರತಿ ಪಂದ್ಯಕ್ಕೂ ನಂಬಬಹುದಾದ ಒಂದು ಶೇಕಡಾವಾರು ಅಂದಾಜು ಕೈಯಲ್ಲಿದ್ದರೆ ಸಾಕು. ಅಮೆರಿಕದ ಕಚೇರಿಗಳಲ್ಲಿ ಸಹೋದ್ಯೋಗಿಗಳ ಜತೆ ಬ್ರಾಕೆಟ್ ಪೂಲ್ (ಯಾರ ಊಹೆ ಹೆಚ್ಚು ಸರಿ ಎಂಬ ಪೈಪೋಟಿ) ಸೇರುವ ಕನ್ನಡಿಗರಿಗೂ ಲೆಕ್ಕ ಇದೇ.

ಮೊದಲ ಕೆಲಸ, ತಂಡದ ಗೆಲುವು-ಸೋಲಿನ ಪಟ್ಟಿಯನ್ನೂ ಸರಾಸರಿ ಪಾಯಿಂಟ್‌ಗಳನ್ನೂ ಬದಿಗಿಡುವುದು. ವೇಗವಾಗಿ ಆಡುವ ತಂಡ 85 ಪಾಯಿಂಟ್ ಗಳಿಸಬಹುದು, ನಿಧಾನವಾಗಿ ಆಡುವ ತಂಡ 65. ಅದರಿಂದ ಯಾರು ಮೇಲು ಎಂದು ತಿಳಿಯುವುದಿಲ್ಲ. ಅಳೆಯಬೇಕಾದದ್ದು 100 ಪೊಸೆಷನ್‌ಗೆ ಎಷ್ಟು ಪಾಯಿಂಟ್ ಎಂಬುದನ್ನು. ಪೊಸೆಷನ್ ಎಂದರೆ ಚೆಂಡು ಒಂದು ತಂಡದ ಕೈಯಲ್ಲಿರುವ ಒಂದು ಸರದಿ. ಪೊಸೆಷನ್ ಅಂದಾಜಿಗೆ ಬಾಕ್ಸ್ ಸ್ಕೋರ್ (ಪಂದ್ಯದ ಅಂಕಿಅಂಶಗಳ ಪಟ್ಟಿ) ಸಾಕು: ಬುಟ್ಟಿಗೆ ಎಸೆದ ಶಾಟ್‌ಗಳಿಂದ ಆಕ್ರಮಣದ ರಿಬೌಂಡ್ (ತಪ್ಪಿದ ತನ್ನದೇ ಶಾಟ್‌ನ ಚೆಂಡನ್ನು ಮತ್ತೆ ಹಿಡಿದದ್ದು) ಕಳೆದು, ಟರ್ನೋವರ್ (ಎಸೆಯುವ ಮೊದಲೇ ಚೆಂಡು ಕಳೆದುಕೊಂಡದ್ದು) ಕೂಡಿಸಿ, ಫ್ರೀ ಥ್ರೋಗಳ 0.475 ಪಾಲನ್ನು ಸೇರಿಸಿ. 58 ಶಾಟ್, 9 ರಿಬೌಂಡ್, 12 ಟರ್ನೋವರ್, 20 ಫ್ರೀ ಥ್ರೋ ಇದ್ದರೆ 70.5 ಪೊಸೆಷನ್. ಆ ಪಂದ್ಯದಲ್ಲಿ 74 ಪಾಯಿಂಟ್ ಬಂದಿದ್ದರೆ ಆಕ್ರಮಣದ ದಕ್ಷತೆ 105. ಎದುರಾಳಿಯ ದಕ್ಷತೆಯನ್ನು ಇದೇ ರೀತಿ ತೆಗೆದರೆ ಅದೇ ಈ ತಂಡದ ರಕ್ಷಣೆಯ ಅಂಕಿ. ದುರ್ಬಲ ಎದುರಾಳಿಗಳ ಮೇಲೆ ಗಳಿಸಿದ್ದನ್ನು ತಗ್ಗಿಸುವ ಹೊಂದಾಣಿಕೆ ಇಲ್ಲಿ ಕಡ್ಡಾಯ. ಬ್ಯಾಸ್ಕೆಟ್‌ಬಾಲ್ ಅಂಕಿಅಂಶ ವಿಶ್ಲೇಷಕ ಕೆನ್ ಪೊಮೆರಾಯ್ ಅವರ ಕೆನ್‌ಪಾಮ್ ಪಟ್ಟಿಯಲ್ಲಿ ಆ ಹೊಂದಾಣಿಕೆ ಮಾಡಿಯೇ ಕೊಟ್ಟಿರುತ್ತಾರೆ.

ಈಗ ಒಂದು ಪಂದ್ಯ ತೆಗೆದುಕೊಳ್ಳೋಣ. ಒಂದು ತಂಡದ ಆಕ್ರಮಣ 118, ರಕ್ಷಣೆ 95, ನಿವ್ವಳ 23. ಇನ್ನೊಂದರದು 112 ಮತ್ತು 100, ನಿವ್ವಳ 12. ಅಂತರ 100 ಪೊಸೆಷನ್‌ಗೆ 11. ಪಂದ್ಯದಲ್ಲಿ ತಲಾ 68 ಪೊಸೆಷನ್ ನಡೆಯಬಹುದು ಎಂದುಕೊಂಡರೆ ನಿರೀಕ್ಷಿತ ಅಂತರ ಏಳೂವರೆ ಪಾಯಿಂಟ್. ಆದರೆ ಕಾಲೇಜು ಪಂದ್ಯದ ನಿಜ ಫಲಿತಾಂಶ ಅಂದಾಜಿನ ಸುತ್ತ ಹರಡಿಕೊಳ್ಳುತ್ತದೆ. ಅದರ ಪ್ರಮಾಣ ವಿಚಲನೆ (ಅಂದಾಜಿನಿಂದ ಸಾಮಾನ್ಯವಾಗಿ ಎಷ್ಟು ದೂರ ಸರಿಯುತ್ತದೆ ಎಂಬ ಅಳತೆ) ಸುಮಾರು 11 ಪಾಯಿಂಟ್. 7.5ನ್ನು 11ರಿಂದ ಭಾಗಿಸಿ, ಸ್ಪ್ರೆಡ್‌ಶೀಟ್‌ನ ನಾರ್ಮಲ್ ವಿತರಣೆಯ ಸೂತ್ರಕ್ಕೆ ಹಾಕಿದರೆ ಶೇ 75 ಬರುತ್ತದೆ. ಸ್ಪಷ್ಟವಾಗಿ ಬಲಿಷ್ಠವಾದ ತಂಡವೂ ನಾಲ್ಕರಲ್ಲಿ ಒಮ್ಮೆ ಸೋಲುತ್ತದೆ ಎಂದರ್ಥ. ಪಂದ್ಯಗಳು ತಟಸ್ಥ ಅಂಗಣದಲ್ಲಿ ನಡೆಯುವುದರಿಂದ ತವರಿನ ಅನುಕೂಲಕ್ಕೆಂದು ಕೊಡುವ ಸುಮಾರು 3 ಪಾಯಿಂಟ್ ಇಲ್ಲಿ ಸೇರಿಸಬೇಡಿ.

ಈ ಹರಡುವಿಕೆ ಎಲ್ಲಿಂದ ಬರುತ್ತದೆ? ಬಹುಪಾಲು ಥ್ರೀ-ಪಾಯಿಂಟರ್‌ನಿಂದ, ಅಂದರೆ ದೂರದಿಂದ ಎಸೆಯುವ ಮೂರು ಪಾಯಿಂಟ್‌ನ ಶಾಟ್‌ನಿಂದ. ಶೇ 34ರ ಸರಾಸರಿಯ ತಂಡ 25 ಬಾರಿ ಎಸೆದರೆ ಎಂಟೊಂಬತ್ತು ಬೀಳಬೇಕು. ಕೇವಲ ಆಕಸ್ಮಿಕದಿಂದಲೇ ಅದು ಆರಕ್ಕೆ ಇಳಿಯುವುದೂ ಹನ್ನೊಂದಕ್ಕೆ ಏರುವುದೂ ಸಾಮಾನ್ಯ. ಅಂದರೆ ಆಚೀಚೆ ಏಳು ಪಾಯಿಂಟ್. 2018ರಲ್ಲಿ ಯುಎಂಬಿಸಿ (ಮೇರಿಲ್ಯಾಂಡ್ ವಿಶ್ವವಿದ್ಯಾಲಯ, ಬಾಲ್ಟಿಮೋರ್ ಕೌಂಟಿ) ತಂಡ ವರ್ಜೀನಿಯಾವನ್ನು 74–54ರಿಂದ ಮಣಿಸಿ, 1ನೇ ಸೀಡ್‌ ಅನ್ನು ಸೋಲಿಸಿದ ಮೊದಲ 16ನೇ ಸೀಡ್ ಆಯಿತು (ಸೀಡ್ ಎಂದರೆ ಟೂರ್ನಿಯ ನಾಲ್ಕೂ ವಿಭಾಗಗಳಲ್ಲಿ ತಂಡಗಳಿಗೆ ಕೊಡುವ 1ರಿಂದ 16ರವರೆಗಿನ ಶ್ರೇಯಾಂಕ). ಅರ್ಧಾವಧಿಗೆ ಸ್ಕೋರು 21–21. ಯುಎಂಬಿಸಿಯ 24 ಥ್ರೀಗಳಲ್ಲಿ 12 ಬಿದ್ದವು, ವರ್ಜೀನಿಯಾದ 22ರಲ್ಲಿ ಬರೀ 4. ವರ್ಜೀನಿಯಾ ನಿಧಾನಗತಿಯ ತಂಡ ಎಂಬುದನ್ನೂ ಮರೆಯಬಾರದು. ಪೊಸೆಷನ್ ಕಡಿಮೆಯಾದಷ್ಟೂ ಬಲಿಷ್ಠ ತಂಡಕ್ಕೆ ತನ್ನ ಮೇಲುಗೈ ತೋರಿಸುವ ಅವಕಾಶ ಕಡಿಮೆ. ಜೊತೆಗೆ ಆ ತಂಡದ ಡಿಆಂಡ್ರೆ ಹಂಟರ್ ಮಣಿಕಟ್ಟಿನ ಗಾಯದಿಂದ ಹೊರಗಿದ್ದರು. ಇಡೀ ಋತುವಿನ ಸರಾಸರಿಗೆ ಇಂಥ ಗೈರುಹಾಜರಿ ಗೊತ್ತಾಗುವುದಿಲ್ಲ. ಅದನ್ನು ನೀವೇ ಕೈಯಾರೆ ಕಳೆಯಬೇಕು.

ಹೆಚ್ಚಿನವರು ಎಡವುವುದು 5 ಮತ್ತು 12ನೇ ಸೀಡ್‌ಗಳ ಪಂದ್ಯದಲ್ಲಿ. 1985ರಿಂದ ಈಚೆಗೆ 12ನೇ ಸೀಡ್ ಸುಮಾರು ಶೇ 35ರಷ್ಟು ಪಂದ್ಯ ಗೆದ್ದಿದೆ. ವರ್ಷಕ್ಕೆ ಇಂಥವು ನಾಲ್ಕು, ಆದ್ದರಿಂದ ಕನಿಷ್ಠ ಒಂದಾದರೂ ಗೆಲ್ಲುವ ಸಾಧ್ಯತೆ ಶೇ 82. ಇದನ್ನು ಹಿಡಿದು ‘ಒಂದು 12ನೇ ಸೀಡ್ ಹಾಕಲೇಬೇಕು’ ಎನ್ನುತ್ತಾರೆ. ಆದರೆ ಯಾವುದು ಎಂದು ಬೊಟ್ಟು ಮಾಡಿದ ಕೂಡಲೇ ಸಾಧ್ಯತೆ ಮತ್ತೆ ಶೇ 35ಕ್ಕೆ ಇಳಿಯುತ್ತದೆ. 2019ರಲ್ಲಿ ಮೂರು ಗೆದ್ದವು, 2018 ಮತ್ತು 2023ರಲ್ಲಿ ಒಂದೂ ಇಲ್ಲ. ಸೀಡ್ ಎನ್ನುವುದು ಆಯ್ಕೆ ಸಮಿತಿ ಕೊಟ್ಟ ಸಂಖ್ಯೆ ಮಾತ್ರ. ದಕ್ಷತೆಯ ಅಂತರ 2-3 ಪಾಯಿಂಟ್‌ಗೆ ಇಳಿದ ಪಂದ್ಯಗಳಲ್ಲಷ್ಟೇ ಕೆಳಗಿನ ಸೀಡ್‌ನತ್ತ ನೋಡಿ. ಐದು ಪಾಯಿಂಟ್‌ನೊಳಗಿನ ಪಂದ್ಯಗಳನ್ನೇ ಗೆದ್ದುಕೊಂಡು ಮೇಲೆ ಬಂದ ಸೀಡ್‌ಗಳ ಬಗ್ಗೆ ವಿಶೇಷ ಎಚ್ಚರ ಬೇಕು. ಆ ಅದೃಷ್ಟ ಮುಂದುವರಿಯುತ್ತದೆ ಎನ್ನಲು ಆಧಾರವಿಲ್ಲ. 8-9ರ ಪಂದ್ಯಕ್ಕೆ ತಲೆ ಕೆಡಿಸಿಕೊಳ್ಳಬೇಡಿ, ಅಲ್ಲಿ ಇಬ್ಬರೂ ಸಮಸಮ.

ಚಾಂಪಿಯನ್ ಆಯ್ಕೆಯೇ ಇಡೀ ಬ್ರಾಕೆಟ್‌ನ ತೂಕ. ಸಾಮಾನ್ಯ ಪೂಲ್‌ಗಳಲ್ಲಿ ಸುತ್ತಿಗೆ 1, 2, 4, 8, 16, 32 ಅಂಕ, ಒಟ್ಟು 192. ಚಾಂಪಿಯನ್ ಸರಿಯಾದರೆ ಆರೂ ಸುತ್ತು ಸೇರಿ ಅದೊಂದರಿಂದಲೇ 63. ಬಲಿಷ್ಠ ತಂಡದ ದಾರಿಯೂ ಕಠಿಣವೇ: ಸುತ್ತಿಗೆ ಶೇ 98, 90, 80, 72, 65, 60 ಎಂದಿಟ್ಟು ಗುಣಿಸಿದರೆ ಶೇ 20 ಮಾತ್ರ. 2025ರಲ್ಲಿ ನಾಲ್ಕೂ 1ನೇ ಸೀಡ್‌ಗಳು ಫೈನಲ್ ಫೋರ್ (ಸೆಮಿಫೈನಲ್) ತಲುಪಿ, ಫ್ಲೋರಿಡಾ ಹ್ಯೂಸ್ಟನ್ ಮೇಲೆ 65–63ರಿಂದ ಗೆದ್ದಿತು. ಅದಕ್ಕೆ ಮುನ್ನ ಹಾಗೆ ಆದದ್ದು 2008ರಲ್ಲಿ ಮಾತ್ರ. ನಾಲ್ಕನ್ನೂ ಕಣ್ಣುಮುಚ್ಚಿ ಬರೆಯುವವರು ಇದನ್ನು ಗಮನಿಸಬೇಕು.

ಪೂಲ್‌ನಲ್ಲಿ ಹತ್ತು ಜನರಿದ್ದರೆ ಹೆಚ್ಚು ಸಾಧ್ಯತೆಯ ತಂಡವನ್ನೇ ಚಾಂಪಿಯನ್ ಎಂದು ಬರೆಯಿರಿ. ಐನೂರು ಜನರಿದ್ದರೆ ಲೆಕ್ಕ ಬೇರೆ. ಶೇ 22 ಸಾಧ್ಯತೆಯ ತಂಡವನ್ನು ಶೇ 40 ಜನ ಆರಿಸಿದ್ದು, ಶೇ 15 ಸಾಧ್ಯತೆಯ ತಂಡವನ್ನು ಶೇ 6 ಜನರಷ್ಟೇ ಆರಿಸಿದ್ದರೆ ಎರಡನೆಯದೇ ಲಾಭ. ಗೆದ್ದಾಗ ನಿಮ್ಮ ಜತೆ ಪೈಪೋಟಿಗೆ 30 ಮಂದಿ ಇರುತ್ತಾರೆ, ಮೊದಲನೆಯದರಲ್ಲಾದರೆ 200.

ಟೂರ್ನಿ ಮುಗಿದ ಮೇಲೆ ಅಂದಾಜನ್ನು ಬ್ರಯರ್ ಸ್ಕೋರ್‌ನಿಂದ (ಅಂದಾಜಿಗೂ ಫಲಿತಾಂಶಕ್ಕೂ ಇರುವ ವ್ಯತ್ಯಾಸದ ವರ್ಗ) ಪರೀಕ್ಷಿಸಿ. ಶೇ 75 ಎಂದ ತಂಡ ಗೆದ್ದರೆ ದಂಡ 0.0625, ಸೋತರೆ 0.5625. ಎಲ್ಲ ಪಂದ್ಯಕ್ಕೂ ಶೇ 50 ಬರೆದವರ ಸರಾಸರಿ 0.25. ನಿಮ್ಮದು ಅದಕ್ಕಿಂತ ಹೆಚ್ಚಿದ್ದರೆ ಸಾಮಾನ್ಯವಾಗಿ ಕಾರಣ ಒಂದೇ: ಶೇ 70 ಎನ್ನಬೇಕಾದಲ್ಲೆಲ್ಲ ಶೇ 90 ಬರೆದಿರುತ್ತೀರಿ. ಒಂದೇ ಟೂರ್ನಿಯ 63 ಪಂದ್ಯಗಳಿಂದ ತೀರ್ಮಾನಕ್ಕೆ ಬರಬೇಡಿ. ನಾಲ್ಕೈದು ವರ್ಷಗಳ ಹಳೆಯ ಪಟ್ಟಿಯ ಮೇಲೆ ಓಡಿಸಿ ನೋಡಿ, ಆಯಾ ವರ್ಷದ ಟೂರ್ನಿಗೆ ಮುಂಚಿನ ಅಂಕಿಗಳನ್ನಷ್ಟೇ ಬಳಸಿ. ಏಪ್ರಿಲ್‌ನಲ್ಲಿ ಇಳಿಸಿಕೊಂಡ ಪಟ್ಟಿಯಲ್ಲಿ ಟೂರ್ನಿಯ ಫಲಿತಾಂಶವೂ ಬೆರೆತಿರುತ್ತದೆ.