ಬ್ಯಾಲೆನ್ಸ್ ಇರಬೇಕಾದದ್ದು ರೆಸಿಸ್ಟರ್‌ಗಳಲ್ಲಿ

ಬ್ಯಾಲೆನ್ಸ್ ಎಂದರೆ ಎರಡು ತಂತಿಗಳ ಸಿಗ್ನಲ್ ಒಂದಕ್ಕೊಂದು ಕನ್ನಡಿಯ ಬಿಂಬದಂತೆ ಇರುವುದು ಎಂದುಕೊಳ್ಳುವವರಿದ್ದಾರೆ. ಅದು ಸರಿಯೇ ನೋಡೋಣ. ಎರಡು ತಂತಿಗಳ ವೋಲ್ಟೇಜ್ ವ್ಯತ್ಯಾಸವನ್ನಷ್ಟೇ ವರ್ಧಿಸಬೇಕಾದ ಡಿಫರೆನ್ಷಿಯಲ್ ಆಂಪ್ಲಿಫೈಯರ್‌ಗೆ ಬರುವ ಆ ತಂತಿಗಳಲ್ಲಿ ಗ್ರೌಂಡ್‌ನಿಂದ ಅಳೆದಾಗ ಒಂದರಲ್ಲಿ 5.005 ವೋಲ್ಟ್, ಇನ್ನೊಂದರಲ್ಲಿ 4.995 ವೋಲ್ಟ್ ಇದೆ ಎನ್ನಿ. ವ್ಯತ್ಯಾಸ 10 ಮಿಲಿವೋಲ್ಟ್. ಅದೇ ಡಿಫರೆನ್ಷಿಯಲ್ ವೋಲ್ಟೇಜ್, ನಮಗೆ ಬೇಕಾದದ್ದು. ಸರಾಸರಿ 5 ವೋಲ್ಟ್. ಅದು ಕಾಮನ್ ಮೋಡ್. ಬೇಡದ್ದು ಬೇಕಾದದ್ದರ 500 ಪಟ್ಟು ಇದೆ.

ಪೀಕ್-ಟು-ಪೀಕ್ (ತರಂಗದ ತುದಿಯಿಂದ ತಳದವರೆಗಿನ) ಲೆಕ್ಕದಲ್ಲಿ ಎಡವುವವರು ಬಹಳ. ವಿರುದ್ಧ ಫೇಸ್‌ನಲ್ಲಿರುವ ಎರಡು ತಂತಿಗಳಲ್ಲೂ ತಲಾ 1 ವೋಲ್ಟ್ ಪೀಕ್-ಟು-ಪೀಕ್ ಇದ್ದರೆ ಡಿಫರೆನ್ಷಿಯಲ್ ಸಿಗ್ನಲ್ 2 ವೋಲ್ಟ್ ಪೀಕ್-ಟು-ಪೀಕ್. ಆಸಿಲೋಸ್ಕೋಪ್‌ನಲ್ಲಿ ಇದನ್ನು ನೋಡಲು ಎರಡು ಚಾನೆಲ್ ಬಳಸಿ, ಒಂದರಿಂದ ಇನ್ನೊಂದನ್ನು ಕಳೆಯಿರಿ. ಪ್ರೋಬ್‌ನ ಗ್ರೌಂಡ್ ಕ್ಲಿಪ್ಪನ್ನು ಒಂದು ತಂತಿಗೆ ಕಚ್ಚಿಸಿದರೆ ಆ ತಂತಿಯೇ ಅರ್ತ್ ಆಗಿಬಿಡುತ್ತದೆ.

ಈಗ ಬ್ಯಾಲೆನ್ಸ್. ಒಂದು ಆಪ್-ಆಂಪ್ (ಇನ್ವರ್ಟಿಂಗ್ ಅಂದರೆ ‘−’, ನಾನ್-ಇನ್ವರ್ಟಿಂಗ್ ಅಂದರೆ ‘+’ ಎಂಬ ಎರಡು ಇನ್‌ಪುಟ್ ಇರುವ ಆಂಪ್ಲಿಫೈಯರ್ ಚಿಪ್), 10 ಕಿಲೋಓಮ್‌ನ ನಾಲ್ಕು ರೆಸಿಸ್ಟರ್, ಗೇನ್ (ವರ್ಧನೆ) 1. ನಾಲ್ಕೂ 1% ಟಾಲರೆನ್ಸ್‌ನವಾದರೆ, ತೀರಾ ಕೆಟ್ಟ ಜೋಡಣೆಯಲ್ಲಿ ಕಾಮನ್ ಮೋಡ್‌ನ ಸುಮಾರು ಐವತ್ತನೇ ಒಂದು ಭಾಗ ಔಟ್‌ಪುಟ್‌ಗೆ ನುಸುಳುತ್ತದೆ, ಅಂದರೆ ಸಿಎಂಆರ್‌ಆರ್ (ಬೇಕಾದದ್ದಕ್ಕೆ ಹೋಲಿಸಿದರೆ ಕಾಮನ್ ಮೋಡನ್ನು ಎಷ್ಟು ಪಟ್ಟು ತಡೆಯುತ್ತದೆ ಎಂಬ ಅಳತೆ) ಬರೀ 34 ಡಿಬಿ. ಮೇಲಿನ 5 ವೋಲ್ಟ್‌ಗೆ 100 ಮಿಲಿವೋಲ್ಟ್ ತಪ್ಪು! ಆಪ್-ಆಂಪ್‌ನ ಡೇಟಾಶೀಟ್‌ನಲ್ಲಿ 100 ಡಿಬಿ ಎಂದಿದ್ದರೂ ಇಲ್ಲಿ ಉಪಯೋಗಕ್ಕೆ ಬಾರದು. 0.1% ರೆಸಿಸ್ಟರ್ ಹಾಕಿದರೆ 54 ಡಿಬಿ ಸಿಗುತ್ತದೆ. ರೆಸಿಸ್ಟರ್ ಎಲ್ಲ ಕರಾರುವಾಕ್ಕಾಗಿದ್ದು, ಇನ್ವರ್ಟಿಂಗ್ ಕಡೆಯ ಸೋರ್ಸ್‌ನಲ್ಲಿ ಮಾತ್ರ 100 ಓಮ್ ಹೆಚ್ಚಿದ್ದರೂ ಸಿಎಂಆರ್‌ಆರ್ 46 ಡಿಬಿಗೆ ಇಳಿದು, ಸುಮಾರು 25 ಮಿಲಿವೋಲ್ಟ್ ತಪ್ಪು ಬರುತ್ತದೆ.

ಹಾಗಾಗಿ ಎರಡು ತಂತಿಗಳಲ್ಲಿ ಸಿಗ್ನಲ್ ಕನ್ನಡಿಯ ಬಿಂಬದಂತೆ ಇರಲೇಬೇಕೆಂದಿಲ್ಲ. ಒಂದು ತಂತಿಯಲ್ಲಿ ಸಿಗ್ನಲ್ಲೇ ಇಲ್ಲದಿದ್ದರೂ ನಡೆಯುತ್ತದೆ; ಗ್ರೌಂಡ್‌ಗೆ ಎರಡೂ ತಂತಿಗಳ ಇಂಪಿಡೆನ್ಸ್ (ವಿದ್ಯುತ್ ಹರಿವಿಗೆ ಒಟ್ಟು ತಡೆ) ಒಂದೇ ಇರಬೇಕು, ಅಷ್ಟೆ. ಒಂದು ಇನ್‌ಪುಟ್ಟನ್ನು ಗ್ರೌಂಡ್ ಮಾಡಿ ಇನ್ನೊಂದನ್ನು ನೋಡಿದರೆ ಇನ್ವರ್ಟಿಂಗ್ ಕಡೆ 10, ನಾನ್-ಇನ್ವರ್ಟಿಂಗ್ ಕಡೆ 20 ಕಿಲೋಓಮ್ ಕಾಣುತ್ತದೆ. ಇದನ್ನು ಸರಿಪಡಿಸುತ್ತೇನೆಂದು ರೆಸಿಸ್ಟರ್ ಬದಲಿಸಬೇಡಿ: ಕಾಮನ್ ಮೋಡ್‌ಗೆ ಎರಡೂ ಕಡೆ 20 ಕಿಲೋಓಮ್ಮೇ.

1% ರೆಸಿಸ್ಟರ್‌ಗಳಲ್ಲೇ ಕೆಲಸ ಆಗಬೇಕಿದ್ದರೆ, ನಾನ್-ಇನ್ವರ್ಟಿಂಗ್ ಪಿನ್‌ನಿಂದ ಗ್ರೌಂಡ್‌ಗೆ ಹೋಗುವ ರೆಸಿಸ್ಟರ್‌ನ ಜಾಗದಲ್ಲಿ 9.53 ಕಿಲೋಓಮ್ ಮತ್ತು 1 ಕಿಲೋಓಮ್ ಟ್ರಿಮ್‌ಪಾಟನ್ನು (ತಿರುಗಿಸಿ ಬೆಲೆ ಬದಲಿಸಬಹುದಾದ ಪುಟ್ಟ ರೆಸಿಸ್ಟರ್) ಸೀರೀಸ್‌ನಲ್ಲಿ ಹಾಕಿ. ಇನ್‌ಪುಟ್‌ಗಳೆರಡನ್ನೂ ಸೇರಿಸಿ 100 ಹರ್ಟ್ಜ್ ಸೈನ್ ತರಂಗ ಕೊಟ್ಟು, ಔಟ್‌ಪುಟ್ ಕನಿಷ್ಠಕ್ಕೆ ಬರುವವರೆಗೆ ತಿರುಗಿಸಿ. ಡಿಸಿ ಕೊಟ್ಟರೆ ಆಪ್-ಆಂಪ್‌ನ ಆಫ್‌ಸೆಟ್ (ಇನ್‌ಪುಟ್ ಇಲ್ಲದಿದ್ದರೂ ಬರುವ ಸಣ್ಣ ಡಿಸಿ ತಪ್ಪು) ಕೂಡ ಬೆರೆತು ದಾರಿ ತಪ್ಪಿಸುತ್ತದೆ. ಆಮೇಲೆ 10 ಕಿಲೋಹರ್ಟ್ಜ್‌ನಲ್ಲೂ ಒಮ್ಮೆ ನೋಡಿ. ಅಲ್ಲಿ ಔಟ್‌ಪುಟ್ ಮತ್ತೆ ಏರಿದ್ದರೆ ಎರಡು ಕಡೆಯ ಕೆಪಾಸಿಟೆನ್ಸ್ ಬೇರೆಬೇರೆ ಇರುವ ಸಾಧ್ಯತೆ ಹೆಚ್ಚು, ಟ್ರಿಮ್‌ಪಾಟ್ ತಿರುಗಿಸಿ ಅದು ಹೋಗುವುದಿಲ್ಲ.