ರೀಫ್ ಟ್ಯಾಂಕಿಗೆ ಯಾವ ಕ್ಯಾಲ್ಸಿಯಂ? ಮೊಟ್ಟೆ ಚಿಪ್ಪಂತೂ ಅಲ್ಲ

ಪ್ರಶ್ನೆ: ನಮ್ಮ ರೀಫ್ ಟ್ಯಾಂಕಿನಲ್ಲಿ (ಹವಳ ಸಾಕುವ ಉಪ್ಪುನೀರಿನ ಅಕ್ವೇರಿಯಂ) ಕಲ್ಲು, ಮರಳು ಕಳೆದು 200 ಲೀಟರ್ ನೀರಿದೆ. ಕ್ಯಾಲ್ಸಿಯಂ 360 ಪಿಪಿಎಂಗೆ (ಲೀಟರಿಗೆ ಸುಮಾರು ಅಷ್ಟೇ ಮಿಲಿಗ್ರಾಂ) ಇಳಿದಿದೆ. ಅಂಗಡಿಯ ಕ್ಯಾಲ್ಸಿಯಂ ಬಾಟಲಿಗಳಿಗೆ ದುಡ್ಡು ಸುರಿಯುವ ಬದಲು ಮೊಟ್ಟೆ ಚಿಪ್ಪಿನ ಪುಡಿಯನ್ನೋ ಹವಳದ ಚೂರನ್ನೋ ಫಿಲ್ಟರಿಗೆ ಹಾಕಿದರೆ ಸಾಲದೇ?

ಸಾಲದು. ಎಷ್ಟು ಸಲ ಉತ್ತರಿಸಿದರೂ ಈ ಪ್ರಶ್ನೆ ವೇಷ ಬದಲಿಸಿಕೊಂಡು ಮತ್ತೆ ಬರುತ್ತದೆ. ಒಮ್ಮೆ ಮೊಟ್ಟೆ ಚಿಪ್ಪು, ಒಮ್ಮೆ ಕಪ್ಪೆಚಿಪ್ಪು, ಇನ್ನೊಮ್ಮೆ ಮೆಡಿಕಲ್ ಶಾಪಿನ ಕ್ಯಾಲ್ಸಿಯಂ ಮಾತ್ರೆ. ಇವೆಲ್ಲದರಲ್ಲೂ ಇರುವುದು ಮುಖ್ಯವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್. ಈ ಸಲ ಪೂರ್ತಿ ಬಿಡಿಸಿ ಹೇಳುತ್ತೇನೆ.

ಹವಳ ತನ್ನ ಅಸ್ಥಿಪಂಜರ ಕಟ್ಟಿಕೊಳ್ಳುವುದೂ ಇದೇ ಕ್ಯಾಲ್ಸಿಯಂ ಕಾರ್ಬೊನೇಟಿನಿಂದ. ನಿಮ್ಮ ಟ್ಯಾಂಕಿನ ನೀರು ಅದನ್ನು ಕರಗಿಸುವಂತಿದ್ದರೆ ಮೊದಲು ಕರಗಬೇಕಾದದ್ದು ಹವಳವೇ ಅಲ್ಲವೇ? ಪಿಎಚ್ 8.2ರ ಆಸುಪಾಸಿನ ಸಮುದ್ರದ ನೀರಿನಲ್ಲಿ ಈ ಲವಣ ಹಿಡಿಸಬಹುದಾದುದಕ್ಕಿಂತ ಹೆಚ್ಚಾಗಿಯೇ ಇರುತ್ತದೆ. ಅಂಥ ನೀರಿಗೆ ಇನ್ನಷ್ಟು ಪುಡಿ ಹಾಕಿದರೆ ಅದು ತಳ ಸೇರುತ್ತದೆ ಅಷ್ಟೆ. ಕೆಲವೊಮ್ಮೆ ಅದಕ್ಕಿಂತ ಕೆಟ್ಟದ್ದೂ ಆಗುತ್ತದೆ: ನುಣ್ಣಗಿನ ಕಣಗಳ ಮೇಲೆ ಕರಗಿದ ಕ್ಯಾಲ್ಸಿಯಂ ಬಂದು ಕೂತು ಗಟ್ಟಿಯಾಗಿ, 360 ಇದ್ದದ್ದು ಇನ್ನೂ ಇಳಿಯುತ್ತದೆ.

"ವಿನೆಗರ್‌ನಲ್ಲಿ ಹಾಕಿದರೆ ಬುಸುಬುಸು ಅಂತ ಕರಗುತ್ತದಲ್ಲ" ಎನ್ನುತ್ತಾರೆ. ಕರಗುತ್ತದೆ, ಏಕೆಂದರೆ ವಿನೆಗರ್‌ನ ಪಿಎಚ್ 3ಕ್ಕಿಂತ ಕಡಿಮೆ. ಟ್ಯಾಂಕ್ ಹಾಗಿಲ್ಲ, ಇರಲೂಬಾರದು. ಆ ವಿನೆಗರ್ ದ್ರಾವಣವನ್ನೇ ಟ್ಯಾಂಕಿಗೆ ಸುರಿದರೆ ಅದರಲ್ಲಿರುವ ಅಸಿಟೇಟ್ ಬ್ಯಾಕ್ಟೀರಿಯಾಗಳಿಗೆ ಹಬ್ಬದೂಟ. ನೀರು ಹಾಲಿನಂತೆ ಮಸುಕಾಗಿ, ಆಮ್ಲಜನಕ ಕುಸಿದು, ಬೆಳಗಾಗುವಷ್ಟರಲ್ಲಿ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿರುತ್ತವೆ.

"ಹಾಗಾದರೆ ಕ್ಯಾಲ್ಸಿಯಂ ರಿಯಾಕ್ಟರಿನಲ್ಲಿ ಹವಳದ ಚೂರು ಹೇಗೆ ಕರಗುತ್ತದೆ?" ಒಳ್ಳೆಯ ಪ್ರಶ್ನೆ, ಉತ್ತರವೂ ಅದರಲ್ಲೇ ಇದೆ. ಅಲ್ಲಿ ಮುಚ್ಚಿದ ಕೊಳವೆಯೊಳಗೆ ಸಿಲಿಂಡರಿನಿಂದ ಕಾರ್ಬನ್ ಡೈಆಕ್ಸೈಡ್ ಬಿಟ್ಟು ಪಿಎಚ್ ಅನ್ನು ಸುಮಾರು 6.5ಕ್ಕೆ ಇಳಿಸುತ್ತಾರೆ. ತೆರೆದ ಫಿಲ್ಟರಿನಲ್ಲಿ ಅದು ಆಗುವ ಮಾತಲ್ಲ. ನಂಬಿಕೆ ಬಾರದಿದ್ದರೆ ಒಂದು ಲೋಟ ಟ್ಯಾಂಕ್ ನೀರಿಗೆ ಚಿಟಿಕೆ ಚಿಪ್ಪಿನ ಪುಡಿ ಹಾಕಿಡಿ. ಹಾಕುವ ಮೊದಲು ಒಮ್ಮೆ, ಮರುದಿನ ಒಮ್ಮೆ ಕ್ಯಾಲ್ಸಿಯಂ ಟೆಸ್ಟ್ ಮಾಡಿ. ಎರಡನೆಯ ಸಲ ಮೇಲಿನ ತಿಳಿನೀರನ್ನಷ್ಟೇ ತೆಗೆದುಕೊಳ್ಳಿ, ಪುಡಿ ಸೇರಿದರೆ ಲೆಕ್ಕ ತಪ್ಪುತ್ತದೆ. ಅಂಕಿ ಏರುವುದಿಲ್ಲ.

ಹವಳದ ಚೂರಿನ ಬಗ್ಗೆ ಇನ್ನೊಂದು ಮಾತು. ಕಲ್ಲುಹವಳಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿವೆ. ರಾಮೇಶ್ವರದ ಕಡೆ ಹೋದಾಗ ದಡದಲ್ಲಿ ಹೆಕ್ಕಿ ತರಬೇಡಿ, ಸತ್ತ ತುಂಡಾದರೂ ಸರಿ.

ಈಗ ನಿಮ್ಮ 360ಕ್ಕೆ ಬರೋಣ. ಏನನ್ನಾದರೂ ಹಾಕುವ ಮೊದಲು ಉಪ್ಪಿನಂಶ ನೋಡಿ. ಅದು ಸಾವಿರಕ್ಕೆ 35ರ ಬದಲು 31 ಇದ್ದರೆ, ಸಮುದ್ರದ ನೀರಿನ ಸಹಜ ಕ್ಯಾಲ್ಸಿಯಂ 410 ತಾನಾಗಿಯೇ 363 ಆಗುತ್ತದೆ. ಆಗ ಬೇಕಾದದ್ದು ಉಪ್ಪು. ಮೆಗ್ನೀಸಿಯಂ 1250ರಿಂದ 1350ರೊಳಗೆ ಇರಲಿ. ಅದು ತೀರಾ ಇಳಿದರೆ ಹಾಕಿದ ಕ್ಯಾಲ್ಸಿಯಂ ಹೀಟರಿಗೂ ಪಂಪಿಗೂ ಬಿಳಿ ಪದರವಾಗಿ ಅಂಟಿಕೊಳ್ಳುತ್ತದೆ.

ಇವೆರಡೂ ಸರಿಯಿದ್ದರೆ ಕ್ಯಾಲ್ಸಿಯಂ ಕ್ಲೋರೈಡ್ ಡೈಹೈಡ್ರೇಟ್ ಬಳಸಿ. ಆಹಾರ ದರ್ಜೆ ಅಥವಾ ಲ್ಯಾಬ್ ದರ್ಜೆಯದ್ದೇ ಬೇಕು, ಕಾಂಕ್ರೀಟಿಗೆ ಬೆರೆಸುವ ಚೀಲದ ಮಾಲು ಬೇಡ. ಅದರಲ್ಲಿ ಸುಮಾರು 27 ಶೇಕಡಾ ಕ್ಯಾಲ್ಸಿಯಂ ಇರುತ್ತದೆ. 360ರಿಂದ 420ಕ್ಕೆ ಏರಲು 200 ಲೀಟರಿಗೆ 44 ಗ್ರಾಂ ಬೇಕು. ಒಂದೇ ದಿನ ಸುರಿಯದೆ ದಿನಕ್ಕೆ 15 ಗ್ರಾಂನಂತೆ ಮೂರು ದಿನ ಹಾಕಿ. ಆರ್‌ಒ ನೀರಿನಲ್ಲಿ ಕರಗಿಸುವಾಗ ಪಾತ್ರೆ ಬಿಸಿಯಾಗುತ್ತದೆ, ಆರಿದ ಮೇಲೆ ಹಾಕಿ.

ದಿನದ ಖರ್ಚಿಗೆ ಎರಡು ಬಾಟಲಿ ಮಾಡಿಟ್ಟುಕೊಳ್ಳಿ. ಒಂದರಲ್ಲಿ ಕ್ಯಾಲ್ಸಿಯಂ ಕ್ಲೋರೈಡ್ ಡೈಹೈಡ್ರೇಟ್ 66 ಗ್ರಾಂ, ಇನ್ನೊಂದರಲ್ಲಿ ಅಡುಗೆ ಸೋಡಾ 75 ಗ್ರಾಂ, ಪ್ರತಿ ಬಾಟಲಿಗೂ ತಲಾ ಒಂದು ಲೀಟರ್ ದ್ರಾವಣ ಆಗುವಷ್ಟು ಆರ್‌ಒ ನೀರು. ಬೇಕಿಂಗ್ ಪೌಡರ್ ಬೇರೆ, ಅದು ಬೇಡವೇ ಬೇಡ. 200 ಲೀಟರಿಗೆ ಎರಡರಿಂದಲೂ 20 ಮಿಲಿ ಹಾಕಿದರೆ ಆಲ್ಕಲಿನಿಟಿ (ಮುಖ್ಯವಾಗಿ ನೀರಿನ ಬೈಕಾರ್ಬೊನೇಟ್, ಕಾರ್ಬೊನೇಟ್‌ಗಳ ಅಳತೆ) 0.25 ಡಿಕೆಎಚ್ (ಅದರ ಮಾನ), ಕ್ಯಾಲ್ಸಿಯಂ 1.8 ಪಿಪಿಎಂ ಏರುತ್ತದೆ. ಹವಳ ಎರಡನ್ನೂ ಇದೇ ಪ್ರಮಾಣದಲ್ಲಿ ತಿನ್ನುತ್ತದೆ, ಹಾಗಾಗಿ ಆಲ್ಕಲಿನಿಟಿ ದಿನಕ್ಕೆ ಎಷ್ಟು ಇಳಿಯುತ್ತದೆಂದು ನೋಡಿಕೊಂಡು ಅಳತೆ ನಿಗದಿ ಮಾಡಿ. ಎರಡು ದ್ರಾವಣ ಒಂದೇ ಕಡೆ ಒಟ್ಟಿಗೆ ಬೀಳಬಾರದು, ಬಿದ್ದಲ್ಲೇ ಸೀಮೆಸುಣ್ಣವಾಗುತ್ತವೆ. ಒಂದನ್ನು ಬೆಳಿಗ್ಗೆ, ಇನ್ನೊಂದನ್ನು ಸಂಜೆ ಹಾಕಿದರೆ ತಾಪತ್ರಯವಿಲ್ಲ.

ಸುಣ್ಣದ ತಿಳಿಯೂ ಒಳ್ಳೆಯ ದಾರಿ. ಲೀಟರ್ ಆರ್‌ಒ ನೀರಿಗೆ 1.5 ಗ್ರಾಂ ಶುದ್ಧ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಕಲಸಿ, ಮುಚ್ಚಿಟ್ಟು, ತಿಳಿಯನ್ನು ಮಾತ್ರ ರಾತ್ರಿಯಿಡೀ ತೊಟ್ಟಿಕ್ಕಿಸಿ. ಒಮ್ಮೆಲೇ ಸುರಿದರೆ ಪಿಎಚ್ ಹಾರಿ ಹವಳ ಸುಡುತ್ತದೆ. ಎಲೆ ಅಡಿಕೆಯ ಸುಣ್ಣವೂ ಮೂಲದಲ್ಲಿ ಇದೇ ಆದರೂ ಅದಕ್ಕೆ ಏನು ಬೆರೆಸಿದ್ದಾರೆಂದು ತಿಳಿಯದ್ದರಿಂದ ಟ್ಯಾಂಕಿಗೆ ಬೇಡ. ಇನ್ನೊಂದು ತೊಡಕಿದೆ: ಆವಿಯಾದಷ್ಟೇ ನೀರನ್ನು ನೀವು ತುಂಬಬಹುದು. ಬೆಂಗಳೂರಿನಲ್ಲಿ ಮಾರ್ಚ್‌ನಲ್ಲಿ ಸಾಕಾದ ಸುಣ್ಣದ ತಿಳಿ ಜುಲೈ ಮಳೆಯಲ್ಲಿ ಸಾಲದು.

ಬರೀ ಜೊವಾಂಥಿಡ್, ಮಶ್ರೂಮ್‌ನಂಥ ಮೆತ್ತನೆಯ ಹವಳಗಳಿದ್ದರೆ ಇದಾವುದೂ ಬೇಡ. ವಾರಕ್ಕೆ 10 ಶೇಕಡಾ ನೀರು ಬದಲಿಸಿ.

ಯಾರೂ ಕೇಳದಿದ್ದರೂ ಬೋರ್‌ವೆಲ್ ನೀರಿನ ಮಾತು ಹೇಳಲೇಬೇಕು, ಏಕೆಂದರೆ ಮೊಟ್ಟೆ ಚಿಪ್ಪು ಬಿಟ್ಟವರು ಮುಂದೆ ಹಿಡಿಯುವುದು ಅದನ್ನೇ. ನಮ್ಮ ಬೋರ್ ನೀರಿನ ಗಡಸುತನ 400 ಇದೆ, ಬಕೆಟ್ಟಿಗೂ ಗೀಸರಿಗೂ ಬಿಳಿ ಕಟ್ಟುತ್ತದೆ, ಅದನ್ನೇ ಟಾಪ್-ಅಪ್‌ಗೆ ಹಾಕೋಣವೆಂಬ ಯೋಚನೆ. ಗಡಸುತನವನ್ನು ಕ್ಯಾಲ್ಸಿಯಂ ಕಾರ್ಬೊನೇಟಿನ ಲೆಕ್ಕದಲ್ಲಿ ಹೇಳುವುದರಿಂದ, ಆ 400 ಪೂರ್ತಿ ಕ್ಯಾಲ್ಸಿಯಂನಿಂದಲೇ ಬಂದಿದ್ದರೂ ಕ್ಯಾಲ್ಸಿಯಂ ಲೀಟರಿಗೆ 160 ಮಿಲಿಗ್ರಾಂ ದಾಟದು. ಜೊತೆಗೆ ಬರುವ ನೈಟ್ರೇಟ್, ಸಿಲಿಕಾ ಆವಿಯಾಗುವುದಿಲ್ಲ, ಟ್ಯಾಂಕಿನಲ್ಲೇ ಕೂಡಿಕೊಳ್ಳುತ್ತಾ ಹೋಗುತ್ತವೆ. ಅಡುಗೆಮನೆಯ ಆರ್‌ಒ ಯಂತ್ರಕ್ಕೂ ಎಚ್ಚರ: ರುಚಿಗೆಂದು ಅದರಲ್ಲಿರುವ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಪ್ರಮಾಣ) ಅಡ್ಜಸ್ಟರ್ ಕಚ್ಚಾ ನೀರನ್ನು ಮತ್ತೆ ಬೆರೆಸುತ್ತದೆ. ಆ ತಿರುಪನ್ನು ಪೂರ್ತಿ ಮುಚ್ಚಿಸಿ, ಮಿನರಲ್ ಕಾರ್ಟ್ರಿಜ್ ಇದ್ದರೆ ಅದಕ್ಕಿಂತ ಮೊದಲೇ ಪೈಪು ಕವಲೊಡೆಸಿ, ತುದಿಗೆ ಡಿಐ ಕಾರ್ಟ್ರಿಜ್ (ಉಳಿದ ಲವಣಗಳನ್ನೂ ರೆಸಿನ್‌ನಿಂದ ಹಿಡಿದಿಡುವಂಥದ್ದು) ಕೂರಿಸಿ. ಟಿಡಿಎಸ್ ಮೀಟರ್ 0 ತೋರಿಸಿದ ನೀರನ್ನೇ ಟ್ಯಾಂಕಿಗೆ ಬಳಸಿ. 3 ದಾಟಿದರೆ ಡಿಐ ರೆಸಿನ್ ಬದಲಿಸುವ ಹೊತ್ತು ಬಂದಿದೆ.