ರಟ್ಟಿನ ಡಬ್ಬದ ಲೆಕ್ಕ: ಬಿ.ಎಫ್. ಹತ್ತಿರ ನಾನು ಎಡವಿದ್ದು

ಡಬ್ಬ ಮಾಡುವ ಒಂದು ಕಾರ್ಖಾನೆಯಲ್ಲಿ ತರಬೇತಿಗೆ ಸೇರಿ ಮೂರು ವಾರ ಆಯಿತು. ತಲೆಯಲ್ಲಿ ಇರುವುದು ಆರಿಹೋಗುವ ಮೊದಲು ಬರೆದಿಡುತ್ತಿದ್ದೇನೆ. ನನ್ನ ಹಿಂದೆ ಬರುವವರಿಗೂ ಆಗಬಹುದು.

ಮನೆಯಲ್ಲಿ ನಾವು ಎಲ್ಲವನ್ನೂ ರಟ್ಟು ಅಂತಲೇ ಕರೆಯುತ್ತೇವೆ. ಪರೀಕ್ಷೆಗೆ ಒಯ್ಯುವ ಪ್ಯಾಡೂ ರಟ್ಟು, ಮೈಸೂರು ಪಾಕಿನ ಡಬ್ಬವೂ ರಟ್ಟು, ಟಿ.ವಿ. ತುಂಬಿಕೊಂಡು ಬಂದ ಪೆಟ್ಟಿಗೆಯೂ ರಟ್ಟು. ಇಲ್ಲಿ ಹಾಗಂದರೆ "ಯಾವ ರಟ್ಟು?" ಅಂತ ಕೇಳುತ್ತಾರೆ. ಪ್ಯಾಡಿನದ್ದು ಒಂದೇ ದಪ್ಪ ಬೋರ್ಡು. ಸಿಹಿ ಡಬ್ಬದ್ದು ಡುಪ್ಲೆಕ್ಸ್: ಹೊರಗೆ ಬಿಳಿ, ಒಳಗೆ ಬೂದಿ ಬಣ್ಣ. ಟಿ.ವಿ. ಪೆಟ್ಟಿಗೆಯದ್ದು ಕರುಗೇಟೆಡ್, ನಡುವೆ ಅಲೆಅಲೆಯಾದ ಕಾಗದ. ಈ ಟಿಪ್ಪಣಿ ಮೂರನೆಯದರದ್ದು ಮಾತ್ರ.

ಪ್ಲೈ, ಫ್ಲೂಟ್

ಚಪ್ಪಟೆ ಹಾಳೆಗೆ ಲೈನರ್ ಅನ್ನುತ್ತಾರೆ, ಅಲೆಗೆ ಫ್ಲೂಟ್. ಲೈನರ್, ಫ್ಲೂಟ್, ಲೈನರ್ ಸೇರಿದರೆ 3 ಪ್ಲೈ. ಅದರ ಮೇಲೆ ಇನ್ನೊಂದು ಫ್ಲೂಟ್, ಇನ್ನೊಂದು ಲೈನರ್ ಅಂಟಿಸಿದರೆ 5 ಪ್ಲೈ. 7 ಪ್ಲೈ ಹೇಗೆ ಅಂತ ನೀವೇ ಎಣಿಸಿಕೊಳ್ಳಿ.

ಫ್ಲೂಟಿನ ಹೆಸರುಗಳಲ್ಲಿ ಒಂದು ಸಣ್ಣ ತೊಡಕಿದೆ. ಸಾಮಾನ್ಯವಾಗಿ ಬಳಸುವ ನಾಲ್ಕರಲ್ಲಿ ಎ ಫ್ಲೂಟ್ ಎಲ್ಲಕ್ಕಿಂತ ಎತ್ತರ, ಸುಮಾರು 4.8 ಮಿ.ಮೀ. ಬಿ ಸುಮಾರು 3 ಮಿ.ಮೀ. ಹಾಗಾದರೆ ಸಿ ಇನ್ನೂ ಸಣ್ಣದು ಅಂದುಕೊಂಡಿರಾ? ತರಬೇತಿಯ ಪರೀಕ್ಷೆಯಲ್ಲಿ ನಾನೂ ಹಾಗೇ ಬರೆದು ಅಂಕ ಕಳೆದುಕೊಂಡೆ. ಸಿ ಬಂದು ಕೂರುವುದು ಎ ಮತ್ತು ಬಿ ನಡುವೆ, ಸುಮಾರು 4 ಮಿ.ಮೀ. ಅಕ್ಷರಗಳು ಬಂದದ್ದು ಬಳಕೆಗೆ ಬಂದ ಸರದಿಯಲ್ಲಿ, ಎತ್ತರದ ಸರದಿಯಲ್ಲಲ್ಲ. ಈ ನಾಲ್ಕರಲ್ಲಿ ಇ ಮಾತ್ರ ನಿಜಕ್ಕೂ ತೆಳ್ಳಗಿದೆ, ಒಂದೂವರೆ ಮಿ.ಮೀ. ಆಸುಪಾಸು.

ಇತಿಹಾಸದ ಪ್ರಶ್ನೆಗೆ ಎರಡು ಇಸವಿ ಸಾಕು. 1856ರಲ್ಲಿ ಇಂಗ್ಲೆಂಡಿನ ಹೀಲಿ, ಆಲನ್ ಎಂಬಿಬ್ಬರು ಅಲೆಕಾಗದಕ್ಕೆ ಪೇಟೆಂಟ್ ಪಡೆದರು. ಬಳಸಿದ್ದು ಉದ್ದ ಟೋಪಿಗಳ ಒಳಮೈಗೆ. (ನಿಜವಾದ ಟೋಪಿ, ನಮ್ಮ ಕಡೆ ಹಾಕುವ ಟೋಪಿ ಅಲ್ಲ.) 1871ರಲ್ಲಿ ನ್ಯೂಯಾರ್ಕಿನ ಆಲ್ಬರ್ಟ್ ಜೋನ್ಸ್ ಅದನ್ನು ಬಾಟಲಿ, ದೀಪದ ಗಾಜು ಸುತ್ತಲು ಬಳಸುವ ಪೇಟೆಂಟ್ ಪಡೆದರು.

ಬಿ.ಎಫ್. ಅಂದರೆ ಏನು, ಏನಲ್ಲ

ನಾನು ಎರಡು ದಿನ ಒದ್ದಾಡಿದ್ದು ಇಲ್ಲಿ.

ಈ ಹಾಳೆಗಳಿಗೆ ಬಳಸುವ ಕ್ರಾಫ್ಟ್ ಕಾಗದದ ರೋಲಿನ ಮೇಲೆ ಎರಡು ಅಂಕಿ ಇರುತ್ತವೆ: 150 ಜಿ.ಎಸ್.ಎಂ., 20 ಬಿ.ಎಫ್. ಅಂತ. ಕ್ರಾಫ್ಟ್ ಅಂದರೆ ಜರ್ಮನ್ ಭಾಷೆಯಲ್ಲಿ ಬಲ. ನಮಗೆ ರಟ್ಟೆಯಲ್ಲಿ ಬಲ, ಅವರಿಗೆ ರಟ್ಟಿನಲ್ಲಿ. ಜಿ.ಎಸ್.ಎಂ. ಸುಲಭ: ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಅನ್ನುವುದು. ಬಿ.ಎಫ್. ಅಂದರೆ ಬರ್ಸ್ಟ್ ಫ್ಯಾಕ್ಟರ್. ನಾನು ಅದನ್ನೇ ಕಾಗದದ ಬಲ ಅಂದುಕೊಂಡೆ. ಅಲ್ಲ.

ಬಲ ಅಳೆಯುವುದು ಹೀಗೆ. ಕಾಗದವನ್ನು ಯಂತ್ರದಲ್ಲಿ ಬಿಗಿಯಾಗಿ ಹಿಡಿಸುತ್ತಾರೆ. ಕೆಳಗಿನಿಂದ ಒಂದು ರಬ್ಬರ್ ಪೊರೆ ಉಬ್ಬುತ್ತಾ ಬರುತ್ತದೆ. ಟಪ್ ಅಂತ ಕಾಗದ ಒಡೆದಾಗ ಮುಳ್ಳು ತೋರಿಸುವ ಅಂಕಿಯೇ ಬಿ.ಎಸ್. (ಬರ್ಸ್ಟಿಂಗ್ ಸ್ಟ್ರೆಂತ್), ಅಂದರೆ ಒಡೆಯುವ ಒತ್ತಡ. ಚದರ ಸೆಂ.ಮೀ.ಗೆ ಇಷ್ಟು ಕೆ.ಜಿ. ಅಂತ ಬರೆಯುತ್ತಾರೆ.

ಆದರೆ ದಪ್ಪ ಕಾಗದ ಸುಮ್ನೆ ದಪ್ಪ ಇರುವುದಕ್ಕೇ ಜಾಸ್ತಿ ತಡೆಯುತ್ತದೆ. ಅದರಲ್ಲಿ ನಾರಿನ ಗುಣ ಎಷ್ಟು, ಬರೀ ತೂಕ ಎಷ್ಟು? ಅದಕ್ಕೇ ಬಿ.ಎಸ್. ಅನ್ನು ಜಿ.ಎಸ್.ಎಂ.ನಿಂದ ಭಾಗಿಸಿ, 1000ದಿಂದ ಗುಣಿಸುತ್ತಾರೆ. ಬರುವುದೇ ಬಿ.ಎಫ್. ಅಂದರೆ ಅದು ಒಂದೊಂದು ಗ್ರಾಂ ತೂಕಕ್ಕೆ ಸಿಗುವ ಬಲ. ಸಂಬಳ ಅಲ್ಲ, ದಿನಗೂಲಿ ದರ ಅಂದುಕೊಳ್ಳಿ. ಎಷ್ಟು ದಿನ ದುಡಿದರು ಅಂತ ಗೊತ್ತಾಗದೆ ಕೈಗೆ ಬರುವ ಹಣ ಹೇಳಲಾಗದು.

ಆ 1000 ಎಲ್ಲಿಂದ ಬಂತು? ಸೂತ್ರ ಬಾಯಿಪಾಠ ಮಾಡಿದ್ದೆ, ಇದು ಮಾತ್ರ ಗಂಟಲಲ್ಲೇ ಸಿಕ್ಕಿತ್ತು. ಉತ್ತರ ತಿಳಿದಾಗ ನಗು ಬಂತು. ಕೆ.ಜಿ.ಯನ್ನು ಗ್ರಾಂ ಮಾಡುವುದಕ್ಕೆ, ಅಷ್ಟೇ. 3 ಕೆ.ಜಿ. ಅಂದರೆ 3000 ಗ್ರಾಂ. ಅದನ್ನು 150ರಿಂದ ಭಾಗಿಸಿದರೆ 20. ಇದು ತಿಳಿದ ಮೇಲೆ ಸೂತ್ರ ಮರೆತೇ ಇಲ್ಲ.

ಈಗ ಪೂರ್ತಿ ಡಬ್ಬ. 3 ಪ್ಲೈ, ಬಿ ಫ್ಲೂಟ್: ಹೊರ ಲೈನರ್ 150 ಜಿ.ಎಸ್.ಎಂ., 20 ಬಿ.ಎಫ್.; ಫ್ಲೂಟ್ 120 ಜಿ.ಎಸ್.ಎಂ., 16 ಬಿ.ಎಫ್.; ಒಳ ಲೈನರ್ 150 ಜಿ.ಎಸ್.ಎಂ., 18 ಬಿ.ಎಫ್.

ನಾನು ಮಾಡಿದ ತಪ್ಪು ಲೆಕ್ಕ ಮೊದಲು ನೋಡಿ. ಬಿ.ಎಫ್. ಎಲ್ಲ ಕೂಡಿಸಿದೆ, 54. ಜಿ.ಎಸ್.ಎಂ. ಎಲ್ಲ ಕೂಡಿಸಿದೆ, 462. (420 ಅಲ್ವಾ ಅನ್ನಬೇಡಿ, ಅದಕ್ಕೆ ಕೊನೆಯಲ್ಲಿ ಬರುತ್ತೇನೆ.) ಗುಣಿಸಿ 1000ದಿಂದ ಭಾಗಿಸಿದರೆ 24.9 ಕೆ.ಜಿ. ಬಂತು. ಮೇಸ್ತ್ರಿ ನೋಡಿ, "ಏನಪ್ಪಾ, ಡಬ್ಬ ಮಾಡ್ತಿದ್ದೀಯೋ, ಟ್ರಂಕೋ?" ಅಂದರು.

ದರಗಳನ್ನು ಕೂಡಿಸಬಾರದು. ಒಂದೊಂದು ಹಾಳೆಯ ಬಲವನ್ನೂ ಬೇರೆ ಬೇರೆ ಕಂಡುಹಿಡಿದು ಆಮೇಲೆ ಕೂಡಿಸಬೇಕು. ಹೊರ ಲೈನರ್: 150 × 20 ÷ 1000 = 3. ಒಳ ಲೈನರ್: 150 × 18 ÷ 1000 = 2.7. ಫ್ಲೂಟ್: 120 × 16 ÷ 1000 = 1.92. ಫ್ಲೂಟಿನದ್ದು ಮಾತ್ರ ಅರ್ಧ ಹಿಡಿಯುವುದು ನಮ್ಮಲ್ಲಿನ ವಾಡಿಕೆ, ಹಾಗಾಗಿ 0.96. ಒಟ್ಟು 6.66 ಕೆ.ಜಿ.

ಲೆಕ್ಕ ಬೇಗ ಆಗಲು ನಾನು ಬಳಸುವ ಅಡ್ಡದಾರಿ: ಜಿ.ಎಸ್.ಎಂ. 100 ಇದ್ದರೆ ಬಿ.ಎಫ್.ನಲ್ಲಿ ಒಂದು ಸ್ಥಾನ ಹಿಂದಕ್ಕೆ ಚುಕ್ಕಿ ಇಡಿ. 20 ಬಿ.ಎಫ್. ಆದರೆ 2. ಜಿ.ಎಸ್.ಎಂ. 150 ಆದರೆ ಅದರ ಒಂದೂವರೆ ಪಟ್ಟು, 3. ಕ್ಯಾಲ್ಕುಲೇಟರ್ ತೆಗೆಯುವುದರೊಳಗೆ ಉತ್ತರ ಬಂದಿರುತ್ತದೆ.

ಕಾಗದದ ಬಣ್ಣ ನೋಡಿ ಬಲ ಊಹಿಸಬೇಡಿ. ಬಣ್ಣ ಬೆರೆಸಬಹುದು. ಗುಜರಿಯಿಂದ ಬಂದ ರಟ್ಟನ್ನು ಮತ್ತೆ ಮತ್ತೆ ಅರೆದಷ್ಟೂ ನಾರು ಗಿಡ್ಡ ಆಗುತ್ತದೆ, ಬಿ.ಎಫ್. ಇಳಿಯುತ್ತದೆ. ಬಣ್ಣ ಅದನ್ನು ಹೇಳುವುದಿಲ್ಲ.

ಪೇರಿಸುವುದು

ಒಡೆಯುವ ಒತ್ತಡ ಚೆನ್ನಾಗಿದ್ದರೂ ಕೆಳಗಿನ ಡಬ್ಬ ಕುಸಿಯಬಹುದು. ಅದು ಬೇರೆ ಪರೀಕ್ಷೆ, ಬೇರೆ ಪಾಠ. ಸದ್ಯಕ್ಕೆ ಇಷ್ಟು: ಅಲೆಯ ಕೊಳವೆಗಳು ಕಂಬದ ಹಾಗೆ ನೆಟ್ಟಗೆ ನಿಂತಿರಬೇಕು. ಭಾರದ ಹೆಚ್ಚು ಪಾಲು ಹೊರುವುದು ನಾಲ್ಕು ಮೂಲೆ, ಆದ್ದರಿಂದ ಮೂಲೆಯ ಮೇಲೆ ಮೂಲೆ ಬರಬೇಕು. ಇಟ್ಟಿಗೆ ಗೋಡೆಯ ಹಾಗೆ ಅಡ್ಡಡ್ಡ ಪೇರಿಸಿದರೆ ಸಾಲು ಅಲುಗಾಡುವುದಿಲ್ಲ, ನಿಜ, ಆದರೆ ಮೇಲಿನ ಮೂಲೆ ಕೆಳಗಿನ ಡಬ್ಬದ ಹೊಟ್ಟೆಯ ಮೇಲೆ ಕೂರುತ್ತದೆ. ಮಳೆಗಾಲದಲ್ಲಿ ರಟ್ಟು ತೇವ ಹೀರಿ ಇನ್ನೂ ಮೆತ್ತಗಾಗುತ್ತದೆ.

ಆ 462

ಅಲೆಯನ್ನು ಬಿಡಿಸಿದರೆ ಅದು ಲೈನರಿಗಿಂತ ಉದ್ದ. ಸೀರೆಯ ನೆರಿಗೆಯ ಹಾಗೆ. ಬಿ ಫ್ಲೂಟಿಗೆ ಸುಮಾರು 1.35 ಪಟ್ಟು ಹಿಡಿಯುತ್ತಾರೆ. 120 × 1.35 = 162. ಅದಕ್ಕೆ ಎರಡು 150 ಸೇರಿಸಿದರೆ 462. ಇದು ತೂಕದ ಲೆಕ್ಕಕ್ಕೆ ಮಾತ್ರ. ಮೇಲಿನ ಬಿ.ಎಸ್. ಲೆಕ್ಕದೊಳಗೆ ಇದನ್ನು ನುಗ್ಗಿಸಬೇಡಿ.

ನಂಬಿಕೆ ಬಾರದಿದ್ದರೆ ಮನೆಯಲ್ಲೇ ನೋಡಿ. ಹಳೆಯ ಡಬ್ಬದಿಂದ ಅಲೆಗೆ ಅಡ್ಡವಾಗಿ 10 ಸೆಂ.ಮೀ. ಉದ್ದದ ಪಟ್ಟಿ ಕತ್ತರಿಸಿ. ಬಕೆಟ್ ನೀರಿನಲ್ಲಿ ನೆನೆಹಾಕಿ. ಅಂಟು ಸಾಮಾನ್ಯವಾಗಿ ಪಿಷ್ಟದ್ದೇ, ಹಾಗಾಗಿ ಪದರಗಳು ಬಿಟ್ಟುಕೊಳ್ಳುತ್ತವೆ. ನಡುವಿನ ಹಾಳೆಯನ್ನು ಹರಿಯದ ಹಾಗೆ ನೆಟ್ಟಗೆ ಮಾಡಿ ಸ್ಕೇಲ್ ಇಡಿ. ನನ್ನದು 13 ಸೆಂ.ಮೀ. ದಾಟಿತ್ತು.